ಎಂಟು ಸಾಲಿನ ಖಾಲಿ ಜಾಗ

ಕುವೈತಿನ ನಮ್ಮ ಕನ್ನಡ ಬಳಗದ ವಾರ್ಷಿಕ ಸಂಚಿಕೆಯಲ್ಲಿ ಓದುವುದಕ್ಕಿಂತ ನೋಡುವುದೇ ಹೆಚ್ಚು. ಮೊದಲ ಹತ್ತು ಪುಟ ಸಂದೇಶ, ಕೊನೆಯ ಮೂವತ್ತು ಪುಟ ಜಾಹೀರಾತು, ನಡುವೆ ಮಕ್ಕಳು ಬಿಡಿಸಿದ ನವಿಲುಗಳು. ಆ ನವಿಲುಗಳ ಮಧ್ಯೆ ಒಂದು ಜಪಾನಿ ಕಥೆ ತೂರಿಸುತ್ತೇನೆಂದು ನಾನು ಹೊರಟಾಗ ನನ್ನ ಗಂಡ ಸಂಜೀವ, "ಇರಲಾರದ ಇರುವಿ ಬಿಟ್ಕೋಳೋದಂದ್ರ ಇದ ನೋಡು ನೇತ್ರಾ," ಎಂದಿದ್ದ. ಗಂಡ ಹೇಳಿದ್ದು ನಿಜವಾದಾಗ ಆಗುವಷ್ಟು ಸಿಟ್ಟು ನನಗೆ ಬೇರೆ ಯಾವುದಕ್ಕೂ ಆಗುವುದಿಲ್ಲ.

ಮದುವೆಗೆ ಮುಂಚೆ ನಾನು ಬಿಡದಿಯ ಒಂದು ಜಪಾನಿ ಕಾರ್ಖಾನೆಯಲ್ಲಿ ಆರು ವರ್ಷ ದುಭಾಷಿಯಾಗಿದ್ದೆ. ಈಗ ಸಂಜೀವ ಸಬ್ಹಾನಿನಲ್ಲಿ ಎಂಜಿನಿಯರ್, ನಾನು ಫಹಾಹೀಲಿನ ಫ್ಲ್ಯಾಟಿನಲ್ಲಿ ಗೃಹಿಣಿ. ಕಲಿತ ಭಾಷೆ ಅಟ್ಟ ಸೇರಿದ ಹಿತ್ತಾಳೆ ಪಾತ್ರೆಯ ಹಾಗೆ ಕಪ್ಪಿಡುತ್ತಿತ್ತು. ಅದನ್ನು ಮತ್ತೆ ಬೆಳಗಿದವಳು ಹಯಾಸೆ ತೊಮಿ.

ತೊಮಿ ಯುದ್ಧ ಸೋತ ಜಪಾನಿನ ಲೇಖಕಿ. ಹಗಲು ಕಾಳಸಂತೆಯಲ್ಲಿ ಗೆಣಸು ಮಾರಿ, ಮಿಕ್ಕ ಹೊತ್ತಿನಲ್ಲಿ ಪೊಟ್ಟಣ ಕಟ್ಟಲೂ ಬಾರದಂಥ ಕಾಗದದಲ್ಲಿ ಅಚ್ಚಾಗುವ ಅಗ್ಗದ ಪತ್ರಿಕೆಗಳಿಗೆ ಬರೆಯುತ್ತಿದ್ದಳು. ಯುದ್ಧ ನಡೆಯುವಾಗ ವೀರಗೀತೆ ಬರೆದು, ಸೋತ ಮರುತಿಂಗಳೇ ಶಾಂತಿಯ ಭಾಷಣಕ್ಕೆ ನಿಂತ ಹಿರಿಯ ಸಾಹಿತಿಗಳನ್ನು ಹೆಸರು ಹಿಡಿದು ಬೈದಳು. ಅವರು ಅವಳನ್ನು ಸಂಸ್ಕಾರವಿಲ್ಲದವಳು ಎಂದರು. ಹಳೆಯ ಸರ್ಕಾರ ಸಾಲು ಕತ್ತರಿಸಿದರೆ ಆ ಜಾಗದಲ್ಲಿ ಗುಣಾಕಾರದ ಗುರುತಾದರೂ ಉಳಿಯುತ್ತಿತ್ತಂತೆ. ಗೆದ್ದು ಬಂದ ಅಮೆರಿಕದವರು ವಾಕ್ ಸ್ವಾತಂತ್ರ್ಯ ಕೊಟ್ಟರು, ಕತ್ತರಿಯನ್ನೂ ಇಟ್ಟುಕೊಂಡರು. ಆದರೆ ಕತ್ತರಿಸಿದ್ದು ಓದುಗರಿಗೆ ಗೊತ್ತಾಗಕೂಡದು, ಸಾಲುಗಳನ್ನು ಎಳೆದು ಕೂಡಿಸಬೇಕು ಎಂದರು. ತೊಮಿಯ ಒಂದು ಕಥೆಯಲ್ಲಿ ಎಂಟು ಸಾಲು ಹೋದಾಗ ಅವಳು ಅಚ್ಚುಕೂಟಕ್ಕೇ ಹೋಗಿ, ಅಚ್ಚುಮೊಳೆ ಜೋಡಿಸುವವನ ಪಕ್ಕ ನಿಂತು, ಅಷ್ಟೂ ಜಾಗವನ್ನು ಖಾಲಿ ಬಿಡಿಸಿದಳು. ಸಂಚಿಕೆ ಜಪ್ತಿಯಾಯಿತು. ಆಮೇಲೆ ಅವಳ ಕಥೆಯನ್ನು ಯಾರೂ ಅಚ್ಚು ಹಾಕಲಿಲ್ಲ. ಆ ಸಾಲುಗಳು ಅವಳು ಸತ್ತ ಎಷ್ಟೋ ವರ್ಷದ ಮೇಲೆ ಪುಸ್ತಕ ಸೇರಿದವು.

ಆ ಕಥೆಯನ್ನೇ ನಾನು ಕನ್ನಡಕ್ಕೆ ತಂದೆ. ಒಂದು ಶುಕ್ರವಾರ ಬೆಳಿಗ್ಗೆ ಅದನ್ನು ಗುರುಸಿದ್ದವ್ವನಿಗೆ ಓದಿ ಹೇಳಿದೆ. ಗುರುಸಿದ್ದವ್ವ ಗಜೇಂದ್ರಗಡದ ಕಡೆಯವಳು, ಇಲ್ಲಿಯ ಒಂದು ಕ್ಲಿನಿಕ್ಕಿನಲ್ಲಿ ಆಯಾ. ರಜೆಯ ದಿನ ನಮ್ಮ ಮನೆಗೆ ಬಂದು ವಾರಕ್ಕಾಗುವಷ್ಟು ಜೋಳದ ರೊಟ್ಟಿ ಬಡಿದು, ಅರ್ಧ ನನಗಿಟ್ಟು ಅರ್ಧ ತಾನೊಯ್ಯುತ್ತಾಳೆ. ಅವಳ ತಮ್ಮ ಪರಪ್ಪ ಅರ್ದಿಯಾದಲ್ಲಿ ಎಸಿ ಮೆಕ್ಯಾನಿಕ್ ಆಗಿದ್ದ. ಹೋದ ಆಗಸ್ಟಿನ ಬಿಸಿಲಲ್ಲಿ ಗೋದಾಮಿನ ಮೇಲಿಂದ ಬಿದ್ದು ಸತ್ತ. ಅವಳಿಗೆ ರಜೆ ಸಿಗಲಿಲ್ಲ. ಮೊಳೆ ಹೊಡೆದ ಪೆಟ್ಟಿಗೆಯೊಂದೇ ಊರಿಗೆ ಹೋಯಿತು. ತೆರೆಯಬೇಡಿ ಎಂದಿದ್ದರಿಂದ ತೆರೆಯದೆಯೇ ಮಣ್ಣು ಮಾಡಿದರು.

ತೊಮಿಯ ಕಥೆಯಲ್ಲೂ ಒಂದು ಪೆಟ್ಟಿಗೆ. ಯುದ್ಧದಲ್ಲಿ ಸತ್ತ ಮಗನ ಅಸ್ಥಿಯೆಂದು ಸರ್ಕಾರ ಕಳಿಸಿದ್ದು, ಅದನ್ನೂ ತೆರೆಯಬಾರದು. ಕತ್ತರಿಗೆ ಸಿಕ್ಕ ಎಂಟು ಸಾಲಿನಲ್ಲಿ ತಾಯಿ ಅದನ್ನು ತೆರೆಯುತ್ತಾಳೆ. ಒಳಗೆ ಇರುವುದು ಒಂದು ಕಲ್ಲು. ಅದನ್ನು ಗೆಣಸಿನ ತಕ್ಕಡಿಯಲ್ಲಿಟ್ಟು ತೂಗಿ, "ಹುಟ್ಟಿದ ದಿನವೇ ನೀನು ಇದಕ್ಕಿಂತ ಭಾರ ಇದ್ದೆಯಲ್ಲೋ," ಎನ್ನುತ್ತಾಳೆ. ಕಲ್ಲನ್ನು ಕಚೇರಿಗೆ ಹೊತ್ತೊಯ್ದು ಅಧಿಕಾರಿಯ ಮೇಜಿನ ಮೇಲಿಡುತ್ತಾಳೆ. "ನಿಮ್ಮದು ನಿಮಗೆ. ನನ್ನದು ನನಗೆ ಕೊಡಿ."

ಗುರುಸಿದ್ದವ್ವನ ಕೈ ನಿಂತಿತು. ಹಂಚಿನ ಮೇಲೆ ರೊಟ್ಟಿ ಸೀಯಿತು.

"ಅಕ್ಕಾರ, ಇದು ಅಚ್ಚಾಗತೈತೇನ್ರಿ?"

"ಆಗತೈತಿ. ಯಾಕವ್ವಾ?"

"ಪೆಟ್ಟಿಗ್ಯಾಗ ನನ್ನ ಮಗಾ ಇದ್ದನೋ ಇಲ್ಲೋ ಅಂತ ನಮ್ಮವ್ವ ಬಂದವ್ರನೆಲ್ಲಾ ಕೇಳ್ತಾಳ್ರಿ. ಆಕಿಗೆ ಹುಚ್ಚ ಹಿಡದೈತಿ ಅಂತಾರ ಊರಾಗ. ಈ ಪುಸ್ತಕಾ ಕಳಿಸಿದ್ರ ಯಾರರೆ ಓದಿ ಹೇಳ್ತಾರ. ಹಂಗ ಕೇಳಿದಾಕಿ ತಾನೊಬ್ಬಾಕಿ ಅಲ್ಲ ಅಂತ ತಿಳೀತೈತ್ರಿ ಆಕಿಗೆ."

ಅಂದಿನಿಂದ ಆ ಎಂಟು ಸಾಲು ತೊಮಿಯವೂ ಅಲ್ಲ, ನನ್ನವೂ ಅಲ್ಲ, ಗಜೇಂದ್ರಗಡದ ಆ ಮುದುಕಿಯವು ಎಂದುಕೊಂಡೆ. ಎರಡೇ ವಾರಕ್ಕೆ ಸಂಚಿಕೆಯ ಸಂಪಾದಕ ಫ್ರೆಡ್ರಿಕ್ ಅವರ ಫೋನ್ ಬಂತು. ಮಂಗಳೂರಿನವರು, ಇಲ್ಲಿ ಒಂದು ಆಫೀಸಿನಲ್ಲಿದ್ದಾರೆ, ಇರುವೆಗೂ ನೋವು ಮಾಡದ ಮನುಷ್ಯ.

"ಮೇಡಂ, ಕತೆ ಭಾರೀ ಒಳ್ಳೇದುಂಟು. ಆದ್ರೆ ಆ ಪೆಟ್ಟಿಗೆ ತೆಗೆಯುದು ಬೇಡ ಅಂತ ಕಮಿಟಿ."

"ಯಾಕ್ರೀ?"

"ಟ್ರೆವರ್ ಸರ್ ನಮ್ಮ ಮೇನ್ ಸ್ಪಾನ್ಸರ್ ಅಲ್ವಾ? ಆ ಪರಪ್ಪ ಇದ್ದದ್ದು ಅವರ ಕಂಪನಿಯಲ್ಲೇ. ಇದು ಅವರಿಗೇ ಹೇಳಿದ್ದು ಅಂತ ಯಾರಾದ್ರೂ ಅಂದ್ರೆ?"

"ಎಪ್ಪತ್ತೈದು ವರ್ಷದ ಹಿಂದ ಬರದಾಕಿಗೆ ನಿಮ್ಮ ಟ್ರೆವರ್ ಯಾರಂತ ಗೊತ್ತಿತ್ತೇನ್ರೀ?"

"ನನಗೆ ಅರ್ಥ ಆಗ್ತದೆ ಮೇಡಂ. ಕಮಿಟಿಯವರಿಗೆ ಯಾರು ಹೇಳುದು?"

ನನಗೆ ಮೈಯೆಲ್ಲಾ ಉರಿಯಿತು. ಕಥೆ ವಾಪಸ್ ಪಡೆದರೆ ಕೇಳುವವರಿಲ್ಲ, ಬಳಗಕ್ಕೆ ಇನ್ನೊಂದು ನವಿಲು ಸಿಗುತ್ತದೆ ಅಷ್ಟೆ. ಆಗಲೇ ತೊಮಿ ನೆನಪಾದಳು.

"ಹಂಗಾದ್ರ ಎಂಟು ಸಾಲಿನ ಜಾಗ ಖಾಲಿ ಬಿಡ್ರಿ. ಕೂಡಿಸಬ್ಯಾಡ್ರಿ."

ಪಾಪ, ಫ್ರೆಡ್ರಿಕ್ ನಿಜವಾಗಿಯೂ ಹೋರಾಡಿದರು. ಎರಡು ಮೀಟಿಂಗ್ ಆಯಿತು. ಖಾಲಿ ಜಾಗದಿಂದ ಯಾರಿಗೆ ಏನು ತೊಂದರೆ ಎಂದು ವಾದಿಸಿ ಒಪ್ಪಿಸಿದರು. ನಾನು ಗೆದ್ದೆನೆಂದು ಬೀಗಿದೆ. ಗುರುಸಿದ್ದವ್ವನಿಗೆ, "ನಿನ್ನ ಪುಸ್ತಕದಾಗ ಆ ಜಾಗದಾಗ ನಾನ ಕೈಯಾರೆ ಬರದು ಕೊಡ್ತೀನಿ," ಎಂದೆ. "ಅಚ್ಚಿನ ಹಂಗ ಗುಂಡಗೆ ಬರೀರಿ ಅಕ್ಕಾರ. ಇಲ್ಲಂದ್ರ ನಂಬಂಗಿಲ್ಲ ಊರಾಗಿನವ್ರು," ಎಂದಳು.

ಬಿಡುಗಡೆಯ ದಿನ ಸಂಚಿಕೆ ಕೈಗೆ ಬಂದಾಗ ನೇರ ನನ್ನ ಕಥೆಯ ಪುಟಕ್ಕೆ ಹೋದೆ. ಖಾಲಿ ಜಾಗ ಇರಲಿಲ್ಲ. ಅಲ್ಲಿ ಸೂಟು ತೊಟ್ಟ ಟ್ರೆವರ್ ಸರ್ ನಗುತ್ತಿದ್ದರು. ಮೇಲೆ 'ಶುಭ ಕೋರುವವರು', ಕೆಳಗೆ ಅವರ ಹೆಸರು. ಅದರ ಕೆಳಗೆ ಕಥೆ ಮುಂದುವರಿದಿತ್ತು: ತಾಯಿ ಮರುದಿನ ಎಂದಿನಂತೆ ಗೆಣಸು ಮಾರಲು ಹೋದಳು.

ಫ್ರೆಡ್ರಿಕ್ ಅವರ ಮುಖ ಬಿಳಿಚಿಕೊಂಡಿತ್ತು. "ಫೋಟೋ ಲೇಟಾಗಿ ಬಂತು ಮೇಡಂ. ಜಾಗ ಖಾಲಿ ಇಟ್ಟದ್ದು ಸ್ಪಾನ್ಸರಿಗೇ ಅಂತ ಮಂಗಳೂರಿನ ಪ್ರೆಸ್ಸಿನವರು ಅಂದ್ಕೊಂಡಿದ್ದಾರೆ. ಸೋವಿನಿಯರ್‌ನಲ್ಲಿ ಖಾಲಿ ಜಾಗ ಮತ್ಯಾಕೆ ಬಿಡ್ತಾರೆ ಹೇಳಿ?"

ಬೈಯಲು ಬಾಯಿ ತೆರೆದೆ. ಯಾರನ್ನೆಂದು ಬೈಯುವುದು? ಆ ಜಾಗ ಮಾಡಿಸಿಕೊಟ್ಟವಳೇ ನಾನು. ಅಷ್ಟರಲ್ಲಿ ಮೆಲಿಶಾ ಎನ್ನುವ ನರ್ಸ್ ಬಂದು ನನ್ನ ಕೈ ಹಿಡಿದು, "ಆ ತಾಯಿಗೆ ಎಂಥ ತಾಳ್ಮೆ ಅಲ್ವಾ ಮೇಡಂ! ಕಣ್ಣಲ್ಲಿ ನೀರು ಬಂತು," ಎಂದಳು. ನಾನು ಥ್ಯಾಂಕ್ಸ್ ಹೇಳಿದೆ.

ಶುಕ್ರವಾರ ಗುರುಸಿದ್ದವ್ವ ಕೈ ತೊಳೆದು, ಒರೆಸಿಕೊಂಡು, ಸಂಚಿಕೆ ತೆಗೆದುಕೊಂಡಳು. ನಾಲ್ಕನೇ ಇಯತ್ತೆಯವರೆಗೆ ಓದಿದವಳು, ಬೆರಳಿಟ್ಟು ಸಾಲು ಸಾಲೇ ನಡೆದು ಫೋಟೋದ ಹತ್ತಿರ ಬಂದು ನಿಂತಳು.

"ಪೆಟ್ಟಿಗಿ ತೆರಿಯೋ ಜಾಗಾ ಇದ ಏನ್ರಿ?"

"ಹೂಂ."

"ಇವ್ರು ಯಾರ್ರಿ?"

ಪರಪ್ಪ ತನ್ನ ಮಾಲೀಕನನ್ನು ಯಾವತ್ತೂ ಮುದೀರ್ ಎಂದೇ ಕರೆಯುತ್ತಿದ್ದ. ಅವಳಿಗೆ ಹೆಸರೂ ಗೊತ್ತಿಲ್ಲ, ಮುಖವೂ ಗೊತ್ತಿಲ್ಲ. ಹೇಳಬೇಕೆಂದುಕೊಂಡೆ. ಹೇಳಿದರೆ ಅವಳು ಏನು ಮಾಡಿಯಾಳು, ನಾನಾದರೂ ಏನು ಮಾಡಿಯೇನು?

"ಶುಭ ಕೋರಾವ್ರು," ಎಂದೆ. ಕತ್ತರಿಸಿದ್ದು ಕಾಣದ ಹಾಗೆ ನಾನೂ ಎಳೆದು ಕೂಡಿಸಿದೆ. ನಾಚಿಕೆಯಾಯಿತು, ಆದರೂ ಮಾತು ತಿದ್ದಲಿಲ್ಲ.

ಪೆನ್ನು ತಂದು ಫೋಟೋದ ಮೇಲೆಯೇ ಬರೆಯತೊಡಗಿದೆ. ನುಣುಪು ಕಾಗದ, ಶಾಯಿ ಕೂರಲಿಲ್ಲ. 'ಹುಟ್ಟಿದ ದಿನವೇ' ಎನ್ನುವಷ್ಟರಲ್ಲಿ ಅಕ್ಷರಗಳು ಜಾರಿ ಟ್ರೆವರ್ ಸರ್ ಗಲ್ಲದ ಮೇಲೆ ನೀಲಿ ಮೆತ್ತಿಕೊಂಡಿತು.

ಗುರುಸಿದ್ದವ್ವ ಮೆಲ್ಲಗೆ ನನ್ನ ಕೈಯಿಂದ ಪುಸ್ತಕ ತೆಗೆದುಕೊಂಡಳು.

"ಇರ್ಲಿ ಬಿಡ್ರಿ ಅಕ್ಕಾರ. ಪಾಪ, ಸಾಹೇಬ್ರ ಮಾರಿ ಹೊಲಸಾತು," ಎಂದು ಸೆರಗಿನ ತುದಿ ಒದ್ದೆ ಮಾಡಿಕೊಂಡು, ಆ ಮುಖವನ್ನು ಒರೆಸತೊಡಗಿದಳು.