ಎಲ್ಲೂ ಸಿಗದ ವಾಕ್ಯ

ನನ್ನ ವಾಕ್ಯ ಸಿಗುತ್ತಿರಲಿಲ್ಲ. ಯಾರ ಮುಂದಾದರೂ ಹೇಳಿದರೆ ನಕ್ಕಾರೆಂದು ಈ ಚಿಂತೆಯನ್ನು ನನ್ನೊಳಗೇ ಇಟ್ಟುಕೊಂಡಿದ್ದೆ. ಪದವಿ ಮುಗಿಸಿದವಳಿಗೆ ಬೈಬಲಿನಲ್ಲಿ ಒಂದು ವಾಕ್ಯ ಹುಡುಕಲು ಬಾರದೇ?

ವರ್ಷದ ಮೊದಲ ಆರಾಧನೆಯ ದಿನ ನಮ್ಮ ಸಭೆಯಲ್ಲಿ ಎಲ್ಲರೂ ಬುಟ್ಟಿಯಿಂದ ಒಂದೊಂದು ಕಾರ್ಡು ತೆಗೆದುಕೊಳ್ಳುತ್ತೇವೆ. ಅದರಲ್ಲಿರುವ ವಾಕ್ಯ ಆ ವರ್ಷಕ್ಕೆ ದೇವರು ನಮಗೆ ಕೊಟ್ಟ ಮಾತು. ಕಾರ್ಡುಗಳು ಅಚ್ಚಾಗುವುದು ಅಕ್ಕ ಕೆಲಸ ಮಾಡುವ ಪ್ರೆಸ್ಸಿನಲ್ಲಿ. ಬುಟ್ಟಿ ಹಿಡಿದು ನಿಲ್ಲುವವಳೂ ಅಕ್ಕನೇ. ಈ ಸಲ ನಾನು ಕೈ ಹಾಕುವ ಮೊದಲೇ ಒಂದನ್ನು ನನ್ನ ಬೆರಳಿಗೆ ಸಿಕ್ಕಿಸಿದಳು.

"ತಗೊಳ್ಳೇ ಮೂಗಿ, ನಿನಗೋಸ್ಕರಾನೇ ಮೇಲೆ ಬಂದು ಕೂತಿದೆ."

ಕಾರ್ಡಿನಲ್ಲಿ ಹೀಗಿತ್ತು: "ನಿನ್ನ ಹೊಸ್ತಿಲಲ್ಲೇ ನೆಲೆಯಾಗಿರು, ನಿನ್ನ ಪಾಲು ನಿನ್ನನ್ನು ಹುಡುಕಿಕೊಂಡು ಬರುವದು."

ದೂರದ ಊರಿನ ಶಾಲೆಯೊಂದು ಆಗಷ್ಟೇ ನನ್ನನ್ನು ಗ್ರಂಥಾಲಯದ ಕೆಲಸಕ್ಕೆ ಕರೆದಿತ್ತು. ಹೋಗಲೋ ಬೇಡವೋ ಎಂದು ಪ್ರಾರ್ಥಿಸುತ್ತಿದ್ದೆ. ಉತ್ತರ ಬಂತಲ್ಲ ಎಂದು ಕಣ್ಣು ತುಂಬಿತು. ಬರುವುದಿಲ್ಲವೆಂದು ಶಾಲೆಗೆ ತಿಳಿಸಿಬಿಟ್ಟೆ. ಅಮ್ಮ ಹೋದ ಮೇಲೆ ನನ್ನನ್ನು ಬೆಳೆಸಿದ ಅಕ್ಕ ಆ ಸಂಜೆ, ಚಿಕ್ಕಂದಿನಲ್ಲಿ ಮಾಡುತ್ತಿದ್ದ ಹಾಗೆ, ನನ್ನ ತಲೆ ಬಾಚಿದಳು.

ಆ ಮಾತಿನ ಹಿಂದೆಮುಂದೆ ಏನಿದೆಯೋ ಓದೋಣವೆನಿಸಿತು. ಕಾರ್ಡಿನ ಕೆಳಗೆ ಅಚ್ಚಾಗಿದ್ದದ್ದು ಬೈಬಲಿನ ಒಂದು ಕೀರ್ತನೆಯ ಒಂಬತ್ತನೇ ವಾಕ್ಯವೆಂದು. ಆ ಕೀರ್ತನೆ ಆರಕ್ಕೇ ಮುಗಿದಿತ್ತು. ಅಚ್ಚಿನ ತಪ್ಪಿರಬೇಕೆಂದು ಕೀರ್ತನೆಗಳನ್ನೆಲ್ಲ ಓದಿದೆ. ಆಮೇಲೆ ಮೊದಲ ಪುಟದಿಂದ ಹಿಡಿದೆ.

ಅಲ್ಲಿಯವರೆಗೆ ನನ್ನ ಬೈಬಲು ಪಾಸ್ಟರ್ ಹೇಳಿದ ಪುಟಕ್ಕಷ್ಟೇ ತೆರೆದುಕೊಳ್ಳುತ್ತಿತ್ತು. ಈಗ ಬೆಳಿಗ್ಗೆ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಓದುತ್ತಾ ಹಾಲು ಉಕ್ಕಿಸಿ ಅಕ್ಕನಿಂದ ಬೈಸಿಕೊಳ್ಳುತ್ತಿದ್ದೆ. ಅಲ್ಲಿನ ಒಂದು ಕಥೆಯಲ್ಲಿ, ಸತ್ತರೆ ಸಾಕೆಂದು ಗಿಡದಡಿ ಮಲಗಿದ ಪ್ರವಾದಿಗೆ ದೇವರು ಉಪದೇಶ ಮಾಡುವುದಿಲ್ಲ. ಮೊದಲು ರೊಟ್ಟಿ ಕಳಿಸುತ್ತಾನೆ, ಇನ್ನಷ್ಟು ಹೊತ್ತು ಮಲಗಲು ಬಿಡುತ್ತಾನೆ. ಇದನ್ನು ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ. ಆ ದಿನ ಪಾತ್ರೆ ತೊಳೆಯುತ್ತಾ ಅತ್ತೆ. ನನ್ನ ವಾಕ್ಯ ಸಿಗದಿದ್ದರೂ ಹುಡುಕಿಸುತ್ತಿರುವಾತ ಪಕ್ಕದಲ್ಲೇ ಇದ್ದಾನೆನಿಸುತ್ತಿತ್ತು.

ಕೊನೆಯ ಪುಟವೂ ಮುಗಿಯಿತು. ಅದೇ ವಾರ ಶಾಲೆಯವರು ಮತ್ತೆ ಫೋನ್ ಮಾಡಿದರು: ಇನ್ನೂ ಯಾರೂ ಸಿಕ್ಕಿಲ್ಲ, ಸೋಮವಾರದೊಳಗೆ ಹೇಳಿ. ಭಾನುವಾರ ಆರಾಧನೆ ಮುಗಿದ ಮೇಲೆ ಕಾರ್ಡನ್ನು ಪಾಸ್ಟರ್ ಕೈಗೆ ಕೊಟ್ಟೆ. ಅವರು ಕನ್ನಡಕ ಏರಿಸಿ ಓದಿದರು.

"ಇದು ನಾನು ಆರಿಸಿಕೊಟ್ಟಿದ್ದಲ್ಲಮ್ಮ. ಬೈಬಲಲ್ಲೂ ಕಂಡ ನೆನಪಿಲ್ಲ. ನಿಮ್ಮಕ್ಕನ್ನೇ ಕೇಳು, ಆ ಪ್ರೆಸ್ಸಲ್ಲಿ ದೇವರ ಮಾತಿಗಿಂತ ಅವಳ ಮಾತೇ ಜಾಸ್ತಿ ನಡೆಯೋದು!"

ಅವರ ಜೊತೆ ನಾನೂ ನಕ್ಕೆ. ನಗುತ್ತಿರುವಾಗಲೇ 'ಬರುವದು' ಕಣ್ಣಿಗೆ ಬಿತ್ತು.

ಕರಡು ತಿದ್ದುವುದೇ ಅಕ್ಕನ ಕೆಲಸ. ಅವಳು ಬರೆಯುವುದು 'ಬರುವುದು' ಎಂದೇ. ಮದುವೆ ಕಾರ್ಡಿನಲ್ಲಿ ಒಂದು ಕೊಂಬು ಬಿಟ್ಟುಹೋದರೂ ಯಂತ್ರ ನಿಲ್ಲಿಸುವವಳು. ಕೊಂಬಿಲ್ಲದ 'ವದು' ಇರುವುದು ನಮ್ಮ ಮನೆಯ ಹಳೆಯ ಬೈಬಲಿನಲ್ಲಿ. ಈ ವಾಕ್ಯ ಕಟ್ಟಿದವಳು ಅಕ್ಕನೇ; ನಾನು ನಂಬಲೆಂದೇ ಆ ಕೊಂಬನ್ನು ಕೈಯಾರೆ ಕಿತ್ತಿದ್ದಳು. ಸುಳ್ಳನ್ನು ಅಷ್ಟು ಅಕ್ಕರೆಯಿಂದ ತಿದ್ದಿದ್ದಳಲ್ಲ, ಅದು ಎದೆಗೆ ಚುಚ್ಚಿತು.

ಮನೆಯಲ್ಲಿ ಅಕ್ಕ ಬಟ್ಟೆ ಮಡಚುತ್ತಿದ್ದಳು. ಕಾರ್ಡನ್ನು ಅವಳ ಮುಂದಿಟ್ಟೆ.

"ಪೂರ್ತಿ ಓದಿದೆ. ಇದು ಎಲ್ಲೂ ಇಲ್ಲ."

"ಪೂರ್ತಿನಾ? ಹುಚ್ಚಿ! ಅಷ್ಟು ದಪ್ಪ ಪುಸ್ತಕದಲ್ಲಿ ಯಾರು ಹುಡುಕ್ತಾರೆ ಅಂದ್ಕೊಂಡೆ." ಅವಳು ತಲೆ ಎತ್ತಲಿಲ್ಲ. "ನೀನು ಹೋದ್ರೆ ನಾನು ಯಾರ ಜೊತೆ ಜಗಳ ಆಡ್ಲಿ, ಗೋಡೆ ಜೊತೆನಾ? ಬಾಯಿಬಿಟ್ಟು ಇರು ಅಂದಿದ್ರೆ ಇರ್ತಿದ್ಯಾ?"

ಇರುತ್ತಿದ್ದೆ. ಅಕ್ಕ ಕೇಳಿದ್ದರೆ ಖಂಡಿತ ಇರುತ್ತಿದ್ದೆ. ಅವಳು ಕೇಳಲಿಲ್ಲ, ದೇವರ ಬಾಯಲ್ಲಿ ಹೇಳಿಸಿದಳು. ತಿಂಗಳುಗಟ್ಟಲೆ ನಾನು ಮೊಣಕಾಲೂರಿ ಸ್ತೋತ್ರ ಹೇಳಿದ್ದು ಅವಳ ಮೇಜಿನ ಮೇಲೆ ಹುಟ್ಟಿದ ಮಾತಿಗೆ.

"ಶಾಲೆಯವರು ಮತ್ತೆ ಕರೀತಿದ್ದಾರೆ," ಅಂದೆ.

"ಓಹೋ. ಈಗ ದೇವರು ಹೋಗು ಅಂದ್ನೇನು?" ಅಕ್ಕ ಕೆಣಕಿದಳು. ಮಡಚಿದ ಟವೆಲನ್ನೇ ಬಿಚ್ಚಿ ಮತ್ತೆ ಮಡಚುತ್ತಿದ್ದಳು.

ದೇವರ ಮಾತು ಕೇಳಿ ಮನೆ ಬಿಟ್ಟು ಹೊರಟವರ ಕಥೆಗಳು ಈಗ ನನಗೆ ಎಷ್ಟೋ ಗೊತ್ತಿದ್ದವು. ಒಂದನ್ನು ಎತ್ತಿದರೆ ಸಾಕು, ಅವಳು ಸುಮ್ಮನಾಗುತ್ತಿದ್ದಳು. ನಾಲಿಗೆಯ ತುದಿಗೂ ಬಂತು. ನುಂಗಿಕೊಂಡೆ.

"ಇಲ್ಲ ಅಕ್ಕ. ದೇವರು ಏನೂ ಅಂದಿಲ್ಲ. ಹೋಗ್ಬೇಕು ಅಂತಿರೋಳು ನಾನೇ."