ಹೆಜ್ಜೆ ಹಿಡಿದವನು

"ಇನ್ನೂ ಬಗ್ಗೋ ಲೇ ಹುಡುಗ. ಮೂಗು ನೆಲಕ್ಕೆ ತಾಗಬೇಕು," ಎಂದ ಪೊಲೀಸ್ ಸಾಹೇಬ.

ಅಪೋಲಿಸನಿಗೆ ಐವತ್ತೆಂಟು ವರ್ಷ, ನಾಲ್ಕು ಮೊಮ್ಮಕ್ಕಳು. ಬಗ್ಗಿದ. ಕರೂ ಎಂಬ ಆ ಬರಡು ಬಯಲಿನಲ್ಲಿ ತಪ್ಪಿಸಿಕೊಂಡ ಕುರಿಯನ್ನು ಹೆಜ್ಜೆ ನೋಡಿಯೇ ಹುಡುಕಿ ತರುವವನೆಂದು ಅವನಿಗೆ ಸುತ್ತಲ ಜಮೀನುಗಳಲ್ಲೆಲ್ಲ ಹೆಸರಿತ್ತು. ಇವತ್ತು ಹುಡುಕುತ್ತಿದ್ದದ್ದು ಕುರಿಯನ್ನಲ್ಲ, ಮನುಷ್ಯನನ್ನು. ಕರಿಯರು ಸದಾ ಜೇಬಿನಲ್ಲಿಟ್ಟುಕೊಂಡೇ ತಿರುಗಬೇಕಾದ ಪಾಸುಗಳನ್ನು ರಾಶಿ ಹಾಕಿ ಸುಡಿಸಿದವನು, ಜೈಲು ಮುರಿದು ಓಡಿಬಂದವನು. ಸಿಕ್ಕಿದರೆ ನೇಣು.

"ಇಲ್ಲಿ ಕುಂತವ್ನೆ ಬಾಸ್. ಎಡಗಾಲು ಎಳೀತಾ ಅವ್ನೆ. ಬೂಟು ಹರಿದೈತೆ."

"ನೋಡಿದ್ರಾ ಸಾಹೇಬ್ರೆ, ನಿಮ್ಮ ನಾಯಿ ಬೆಳಿಗ್ಗೆನೇ ಮಲಗಿಬಿಡ್ತು. ನಮ್ದು ಇನ್ನೂ ಓಡ್ತಾ ಇದೆ," ಎಂದು ಜಮೀನಿನ ಬಿಳಿಯ ಧಣಿ ಫೂರಿ ಜೀಪಿನಲ್ಲಿ ಕೂತೇ ನಕ್ಕ.

ಅಪೋಲಿಸನೂ ನಕ್ಕ. ಥೂ, ನಕ್ಕೇಬಿಟ್ಟ. ಒಳಗೊಳಗೇ ಹಿಗ್ಗಿದ ಕೂಡ. ಆಗಲ್ಲ ಅಂದಿದ್ದರೆ ಗುಡಿಸಲು ಖಾಲಿ ಮಾಡಿಸುತ್ತಿದ್ದರು, ನಿಜ. ಆದರೆ ಇಷ್ಟು ಚುರುಕಾಗಿ ಹುಡುಕು ಅಂತ ಯಾರೂ ಹೇಳಿರಲಿಲ್ಲ. ಬಂಡೆಯ ಮೇಲೆ ಗುರುತು ಕಳೆದಾಗ ಸುಮ್ಮನಿರಬಹುದಿತ್ತು. ಮುರಿದ ಹುಲ್ಲುಕಡ್ಡಿ ಹುಡುಕಿ ತೋರಿಸಿ, ಶಹಬ್ಬಾಸ್ ಅನ್ನಿಸಿಕೊಳ್ಳಲು ಧಣಿಯ ಮುಖ ನೋಡಿದವನು ಇವನೇ.

ಮಧ್ಯಾಹ್ನದ ಹೊತ್ತಿಗೆ ಬತ್ತಿದ ಹೊಳೆಯ ಮರಳಿಗಿಳಿದರು. ಅಪೋಲಿಸ್ ನಿಂತುಬಿಟ್ಟ. ಹರಿದ ಬೂಟಿನ ಗುರುತಿನ ಜೊತೆ ಬರಿಗಾಲಿನ ಗುರುತೂ ಇತ್ತು. ಸಣ್ಣ ಪಾದ, ಬಲಗಾಲಿನ ಕಿರುಬೆರಳಿಲ್ಲ. ಧಣಿಯ ಉಣ್ಣೆ ಕೊಟ್ಟಿಗೆಯ ಬಾಗಿಲಿಗೆ ಸಿಕ್ಕಿ ಆ ಬೆರಳು ಹೋದ ದಿನ ಬಟ್ಟೆ ಸುತ್ತಿದವನು ಅಪೋಲಿಸನೇ. ಅದು ಅವನ ಹೆಂಡತಿ ಸಾನಾಳ ಕಾಲು.

"ಸೌದೆಗೋಗ್ ಬತ್ತೀನಿ," ಅಂದಿದ್ದಳು ನಸುಕಿನಲ್ಲಿ. ಕೆಂಡದ ಮೇಲೆ ಸುಟ್ಟ ರೊಟ್ಟಿಯನ್ನೆಲ್ಲ ಬಟ್ಟೆಗೆ ಕಟ್ಟಿಕೊಂಡಿದ್ದಳು. ಅಷ್ಟು ರೊಟ್ಟಿ ಯಾತಕ್ಕೆ ಅಂತ ಇವನು ಕೇಳಿರಲಿಲ್ಲ.

ಬೂಟಿನ ಗುರುತು ಅವಳ ಹೆಜ್ಜೆಯ ಮೇಲೆ ಬಿದ್ದಿತ್ತು. ಅಂದರೆ ಅವಳು ಮುಂದೆ, ಅವನು ಹಿಂದೆ. ಅವಳೇ ದಾರಿ ತೋರಿಸುತ್ತಿದ್ದಳು. ಗುರುತಿನ ಅಂಚಿನ ಮರಳು ಇನ್ನೂ ಕುಸಿದಿರಲಿಲ್ಲ, ಅರ್ಧ ಗಂಟೆಯೂ ಆಗಿರಲಾರದು. ಅಪೋಲಿಸನಿಗೆ ಭಯಕ್ಕಿಂತ ಮೊದಲು ನಾಚಿಕೆಯಾಯಿತು. ಮೈಮೇಲಿನ ಚರ್ಮ ಕಿತ್ತು ಬಿಸಾಕಬೇಕು ಅನ್ನಿಸುವಷ್ಟು ನಾಚಿಕೆ. ಹೆಂಡತಿ ಮಾಡಿದ್ದು ಇದು, ತಾನು ಮಾಡಿದ್ದು ಅದು.

ಅವನು ಎರಡೂ ಕಾಲು ಎಳೆಯುತ್ತ ಈ ದಡದಿಂದ ಆ ದಡದವರೆಗೆ ಗುರುತನ್ನೆಲ್ಲ ಅಳಿಸಿ, ಮರಳಿನಲ್ಲೇ ಕೂತ.

"ಏನೋ ಮಾಡ್ತಿದೀಯ ಬೋಳಿಮಗನೆ? ಎತ್ತ ಹೋದ ಅವನು?" ಸಾಹೇಬ ಚಾಟಿ ಹಿಡಿದು ಇಳಿದ.

"ಗೊತ್ತು. ಹೇಳಕಿಲ್ಲ."

ಒಂದೇಟು ಬೆನ್ನಿಗೆ, ಇನ್ನೊಂದು ಬಾಯಿಗೆ. ಮೂರನೆಯದಕ್ಕೆ ಎತ್ತಿದ ಕೈಯನ್ನು ಸಾಹೇಬ ಇಳಿಸಿದ. ತಾವು ಬಂದ ದಾರಿಯನ್ನು ತಿರುಗಿ ನೋಡಿದ, ಮತ್ತೆ ಮುಂದೆ ನೋಡಿದ. ಬೆಳಗಿನಿಂದ ಅಪೋಲಿಸ್ ತೋರಿಸಿದ್ದ ದಾರಿ ಗೆರೆ ಎಳೆದಷ್ಟು ನೆಟ್ಟಗೆ ಎದುರಿನ ಗುಡ್ಡದ ಸಂದಿಗೆ ಮುಖ ಮಾಡಿತ್ತು.

"ಇನ್ನು ಈ ಸೂಳೆಮಗ ಬೇಕಾಗಿಲ್ಲ," ಎಂದ.

ಜೀಪು ಮರಳು ಎರಚಿಕೊಂಡು ಹೊರಟಿತು. ಅಪೋಲಿಸ್ ಎದ್ದು ಅದರ ಹಿಂದೆ ಓಡಿದ. ಬಾಯಿಗೆ ಬಂದ ರಕ್ತ ಉಗಿದು, ಯಾರ ಹೆಸರೂ ಹಿಡಿಯದೆ ಗುಡ್ಡಕ್ಕೆ ಕೇಳುವ ಹಾಗೆ ಕೂಗಿದ.

"ಬಂದ್ರೋ... ಓಡ್ರೋ!"

ಜೀಪು ನಿಂತಿತು. ಫೂರಿ ಇಳಿದು ಬಂದೂಕನ್ನು ಅವನ ಎದೆಗೆ ಗುರಿ ಇಟ್ಟ. ಅಪೋಲಿಸ್ ಉಸಿರು ತುಂಬಿಕೊಂಡು ಮತ್ತೊಮ್ಮೆ ಕೂಗಿದ.