ಎಡಗೈ ಕೊಳಲು

ನನಗೆ ಕೋಪ ಮೂಗಿನ ತುದಿಯಲ್ಲೇ. ಬಂದದ್ದು ಬೇಗ ಇಳಿಯುವುದೂ ಇಲ್ಲ. ವಾದ್ಯವೃಂದದ ಕೊಳಲು ಮೇಷ್ಟ್ರ ಮೇಲಿನ ಕೋಪವಂತೂ ಒಂಬತ್ತು ವರ್ಷ ಹಾಗೇ ಇತ್ತು.

ನನ್ನ ತಂಗಿ ಅವರ ಶಿಷ್ಯೆ. ಬಸ್ಸು ಮಗುಚಿ ಅವಳ ಬಲಗೈ ಮೊಣಕೈವರೆಗೆ ಹೋಯಿತು. ಗಾಯ ಮಾಯ್ದ ಮೇಲೆ, ಕೂತು ಕೇಳಿಕೊಂಡಾದರೂ ಇರುತ್ತೇನೆಂದು ತರಗತಿಗೆ ಹೋದಳು. ಮೇಷ್ಟ್ರು ಎಲ್ಲರೆದುರು, "ಒಂದು ಕೈಲಿ ಚಪ್ಪಾಳೆನೇ ಆಗಲ್ಲ, ಇನ್ನು ಕೊಳಲು ಎಲ್ಲಿಂದ ಬಂತು? ಏಳಮ್ಮ, ಜಾಗ ಬೇರೆಯವರಿಗೆ ಬೇಕು" ಅಂದರಂತೆ. ಜೊತೆಯವರು ನಕ್ಕರಂತೆ. ಮನೆಗೆ ಬಂದು ಮೂರು ದಿನ ಗೋಡೆ ಕಡೆ ತಿರುಗಿ ಮಲಗಿದ್ದಳು.

ನಾನು ಊದುವ ವಾದ್ಯಗಳ ರಿಪೇರಿ ಮಾಡುವವಳು. ಹಳೆಯ ಲೋಹದ ಕೊಳಲೊಂದನ್ನು ಬಿಚ್ಚಿ, ಬಲಗೈ ಮುಚ್ಚಬೇಕಾದ ತೂತುಗಳಿಗೆಲ್ಲ ಸಣ್ಣ ಸರಳು, ಸ್ಪ್ರಿಂಗು ಜೋಡಿಸಿ, ಅವುಗಳನ್ನು ಒತ್ತಿ ಮುಚ್ಚುವ ಕೀಲಿಗಳನ್ನು ಎಡಗೈ ಬೆರಳುಗಳ ಹತ್ತಿರಕ್ಕೆ ತಂದೆ. ಕೊಳಲು ಹಿಡಿದಿರಲು ಒಂದು ಸ್ಟ್ಯಾಂಡು ಮಾಡಿದೆ. ಹನ್ನೊಂದು ಸಲ ಕೆಟ್ಟಿತು, ಹನ್ನೆರಡನೇ ಸಲ ಹಾಡಿತು. ಆಮೇಲೆ ಕೈ ಕಳೆದುಕೊಂಡವರು, ಬೆರಳು ಸೆಟೆದವರು ನಮ್ಮ ಅಂಗಡಿ ಹುಡುಕಿಕೊಂಡು ಬರತೊಡಗಿದರು. ನಾನು ಮಾಡುವುದು, ತಂಗಿ ಊದಿ ನೋಡುವುದು. ಅವಳು ಊದದೆ ಯಾವ ವಾದ್ಯವೂ ನಮ್ಮ ಹೊಸ್ತಿಲು ದಾಟುವುದಿಲ್ಲ.

ಹೋದ ವರ್ಷ ಮೇಷ್ಟ್ರಿಗೆ ಲಕ್ವ ಹೊಡೆದು ಬಲಗೈ ಸ್ವಾಧೀನ ತಪ್ಪಿತು. ವಾದ್ಯವೃಂದದವರು ಅವರ ಮೊದಲ ಕುರ್ಚಿಗೆ, ಅಂದರೆ ಮುಖ್ಯ ಕೊಳಲುಗಾರರ ಜಾಗಕ್ಕೆ, ಪರೀಕ್ಷೆ ಗೊತ್ತು ಮಾಡಿದರು. ಕುರ್ಚಿ ಉಳಿಸಿಕೊಳ್ಳಬೇಕಾದರೆ ಅವರೂ ಪರದೆ ಹಿಂದೆ ಕೂತು ಎಲ್ಲರಂತೆ ನುಡಿಸಬೇಕು. ಒಂದು ಬೆಳಿಗ್ಗೆ ನನ್ನ ಅಂಗಡಿಯ ಮೆಟ್ಟಿಲು ಹತ್ತಿದರು. ಮಾಡಿದ್ದುಣ್ಣೋ ಮಹಾರಾಯ ಎಂದು ಮನಸ್ಸಿನಲ್ಲೇ ಅಂದು, ಕುರ್ಚಿ ಕೊಟ್ಟೆ. ತಂಗಿಯನ್ನು ಕಂಡರೂ ಗುರುತು ಹಿಡಿಯಲಿಲ್ಲ. ಅವಳು ಊದಿ ನೋಡುತ್ತಿದ್ದದ್ದನ್ನು ಕೇಳಿ, ಯಾರ ಹತ್ತಿರ ಕಲಿತೆಯಮ್ಮ ಎಂದು ಅವಳನ್ನೇ ಕೇಳಿದರು! ಒಬ್ಬರ ಹತ್ತಿರ ಎಂದಷ್ಟೇ ಅಂದಳು. ನನ್ನ ಮೈಯೆಲ್ಲ ಉರಿಯಿತು.

ಕೊಳಲು ಮಾಡಿದೆ. ಒಂದು ಕೀಲಿಯ ಕೆಳಗೆ ತೂತು ಮುಚ್ಚುವ ಮೆತ್ತೆಯ ಅಂಚನ್ನು ಕೂದಲೆಳೆಯಷ್ಟು ಕೆರೆದೆ. ನಿಧಾನಕ್ಕೆ ನುಡಿಸಿದರೆ ಗೊತ್ತಾಗದು. ವೇಗಕ್ಕೆ ಹೋದರೆ ಗಾಳಿ ಸೋರಿ ಸ್ವರ ಕೀರಲಾಗುತ್ತದೆ. ಪರೀಕ್ಷೆಯಲ್ಲಿ ಮಾನ ಹೋಗಲಿ ಎಂದೇ ಮಾಡಿದ್ದು.

ತಂಗಿ ಊದಿದಳು. ವೇಗಕ್ಕೆ ಹೋಗಿ ನಿಲ್ಲಿಸಿದಳು. ಮೆತ್ತೆ ನೋಡಿದಳು, ನನ್ನ ಮುಖ ನೋಡಿದಳು.

"ಅಕ್ಕಾ, ಕುಣಿಯೋಕೆ ಬರದವರು ನೆಲ ಡೊಂಕು ಅಂತಾರೆ. ನೀನು ನಿಜವಾಗ್ಲೂ ಡೊಂಕು ನೆಲ ಹಾಕಿಕೊಡ್ತಿದೀಯಲ್ಲ. ಸೋತರೆ ತಪ್ಪನ್ನೆಲ್ಲ ಕೊಳಲಿನ ಮೇಲೆ ಹಾಕಿ ಹಾಯಾಗಿ ಮನೆಗೆ ಹೋಗ್ತಾರೆ. ಸರಿ ಮಾಡು. ನನ್ನ ಹೆಸರೂ ಪರೀಕ್ಷೆಗೆ ಕೊಟ್ಟಿದೀನಿ."

ನನಗೆ ನಾಚಿಕೆಯಾಯಿತು. ಕೋಪ ನನ್ನದು, ಲೆಕ್ಕಾಚಾರ ಅವಳದು. ಹೊಸ ಮೆತ್ತೆ ಹಾಕಿದೆ. ಅವಳು ಮೂರು ತಿಂಗಳು ಮೇಷ್ಟ್ರಿಗೆ ಬೆರಳಿಡುವ ಕ್ರಮ ಕಲಿಸಿದಳು. ಒಂದನ್ನೂ ಮುಚ್ಚಿಡಲಿಲ್ಲ.

ಪರೀಕ್ಷೆಯ ದಿನ ಏಳು ಜನ, ಹೆಸರಿಲ್ಲ, ಬರೀ ಸಂಖ್ಯೆ. ಐದನೆಯವರು ಮೇಷ್ಟ್ರು. ನಿಧಾನದ ಭಾಗ ಚೆನ್ನಾಗಿತ್ತು, ವೇಗದಲ್ಲಿ ಬೆರಳು ಎಡವಿತು. ಕೊಳಲು ಸ್ಟ್ಯಾಂಡಿನಲ್ಲೇ ಇರಲಿ, ನಾವು ತರುತ್ತೇವೆ ಎಂದು ಮೊದಲೇ ಹೇಳಿದ್ದೆವು. ಬಿಟ್ಟು ಬಂದು ನನ್ನ ಪಕ್ಕ ಬೆಂಚಿನ ಮೇಲೆ ಕೂತರು. ಆರನೆಯ ಸಂಖ್ಯೆ ನುಡಿಸಿದಾಗ ಕಣ್ಣು ಮುಚ್ಚಿ, ಯಾರಪ್ಪಾ ಇದು, ಬೆರಳು ಎಷ್ಟು ಚೊಕ್ಕ ಎಂದು ತಮ್ಮಷ್ಟಕ್ಕೆ ಅಂದುಕೊಂಡರು.

ಆರನೆಯ ಸಂಖ್ಯೆಗೇ ಕುರ್ಚಿ ಎಂದು ಸಾರಿದರು. ಪರದೆ ಸರಿಯಿತು. ತಂಗಿ, ಅವಳ ಖಾಲಿ ತೋಳು. ಎಲ್ಲರೂ ಎದ್ದು ಚಪ್ಪಾಳೆ ತಟ್ಟತೊಡಗಿದರು.

ಮೇಷ್ಟ್ರು ನನ್ನ ಕಡೆ ಬಾಗಿ, "ನನ್ನ ಕೊಳಲಲ್ಲಿ ಏನೋ ದೋಷ ಇತ್ತಮ್ಮ, ವೇಗದಲ್ಲಿ ಹಿಡಿಯುತ್ತೆ" ಅಂದರು.

"ಅವಳು ನುಡಿಸಿದ್ದು ನಿಮ್ಮ ಕೊಳಲನ್ನೇ ಮೇಷ್ಟ್ರೇ. ಅವಳದು ಮನೇಲಿದೆ. ಒಂಬತ್ತು ವರ್ಷದ ಹಿಂದೆ ಏಳಮ್ಮ ಅಂತ ಎಬ್ಬಿಸಿದ್ರಲ್ಲ, ಅದೇ ಹುಡುಗಿ."

ಅವರ ಮುಖ ಬಿಳಿಚಿಕೊಂಡಿತು. ಸುತ್ತ ಎಲ್ಲರೂ ತಟ್ಟುತ್ತಿದ್ದರು. ಅವರ ಎಡಗೈ ತಾನಾಗಿ ಮೇಲೆದ್ದಿತು, ಬಲಗೈ ಏಳಲಿಲ್ಲ. ಎಡಗೈ ಮತ್ತೆ ತೊಡೆಯ ಮೇಲೆ ಬಿತ್ತು.

ನಾನು ಅವರ ಮುಖ ನೋಡುತ್ತಲೇ, ಅವರ ಪಾಲಿನದನ್ನೂ ಸೇರಿಸಿ, ಅಂಗೈ ಉರಿಯುವವರೆಗೆ ಚಪ್ಪಾಳೆ ತಟ್ಟಿದೆ.